ಗ್ಲೆನ್ ಗೂಲ್ಡ್ ನುಡಿಸಿದ್ದು ಬಾಖ್‌ನನ್ನಾ, ತನ್ನನ್ನೇನಾ?

ಕುಂಬಳೆ ಕೇಳುಗ:
ನಾನು ಕರ್ನಾಟಕ ಸಂಗೀತ ಮತ್ತು ಯಕ್ಷಗಾನದ ಆಟದ ಪದ ಕೇಳಿ ಬೆಳೆದವನು. ಪಿಯಾನೋ ಎಲ್ಲ ಈಚೆಗೆ ಹಿಡಿದ ಹುಚ್ಚು. ಜರ್ಮನಿಯ ಹಳೆಯ ಸಂಗೀತಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ (ಒಂದು ಮೂಲ, ಅದರ ಮೇಲೆ ಬೇರೆ ಬೇರೆ ರೂಪಗಳು) ಕೇಳಬೇಕು ಅಂತ ಹುಡುಕಿದರೆ ಎಲ್ಲರೂ ಮೊದಲು ಹೇಳುವ ಹೆಸರು ಕೆನಡಾದ ಗ್ಲೆನ್ ಗೂಲ್ಡ್. ಸರಿ, ಕೇಳಿದೆ. ಮೊದಲು 1955ರಲ್ಲಿ ರೆಕಾರ್ಡ್ ಮಾಡಿದ್ದು. ಎಂತಹ ಓಟ! 38 ನಿಮಿಷದಲ್ಲಿ ಎಲ್ಲ ಮುಗಿಯಿತು. ಆಮೇಲೆ ಅದೇ ಮನುಷ್ಯ 1981ರಲ್ಲಿ ಮತ್ತೆ ನುಡಿಸಿದ್ದು ಸಿಕ್ಕಿತು. ಅದು 51 ನಿಮಿಷ. ಶುರುವಿನ ಆರಿಯಾ, ಅಂದರೆ ಮೂಲ ಹಾಡು, ಅಂತೂ ಬೇರೆಯದೇ ಕೃತಿಯೇನೋ ಅನ್ನುವಷ್ಟು ನಿಧಾನ. ಎರಡರಲ್ಲೂ ಹಿಂದಿನಿಂದ ಯಾರೋ ಗುನುಗುತ್ತಾ ಇರುತ್ತಾರೆ. ವಿಚಾರಿಸಿದರೆ ಅದು ಗೂಲ್ಡನೇ ಅಂತೆ.

ನನ್ನ ಪ್ರಶ್ನೆ ಇಷ್ಟೇ. ಬರೆದಿಟ್ಟ ಸಂಗೀತವನ್ನು ಒಬ್ಬ ತನಗೆ ಬೇಕಾದ ಹಾಗೆ ಎಳೆಯಬಹುದಾ, ಓಡಿಸಬಹುದಾ? ಮೆಚ್ಚುವವರು ಯಾಕೆ ಮೆಚ್ಚುತ್ತಾರೆ? ಇಷ್ಟವಾಗದವರೂ ಬರೆಯಿರಿ, ಸುಮ್ನೆ ಹೌದು ಹೌದು ಅನ್ನಬೇಡಿ.

ಉಪ್ಪಳ ಎಕ್ಸ್‌ಪ್ರೆಸ್:
38 ನಿಮಿಷದ್ದೇ ಸಾಕು ಮಾರಾಯ್ರೇ. ಆದರೆ ಹೈವೇ ಕೆಲಸದ ದಯೆಯಿಂದ ಕಾಸರಗೋಡಿನಲ್ಲಿ ಬಸ್ಸು ಹತ್ತಿದರೆ ಮಂಗಳೂರು ಮುಟ್ಟುವಾಗ ಎರಡನ್ನೂ ಕೇಳಿ ಮುಗಿಸಬಹುದು.

ಇಗರ್ಜಿ ಆರ್ಗನ್:
ಇಗರ್ಜಿಯಲ್ಲಿ ತುಂಬಾ ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ, ನೊಟೇಷನ್ ಓದಲು ಬರುತ್ತದೆ. ಹಾಗಾಗಿ ಒಂದೆರಡು ಮಾತು. 38 ಮತ್ತು 51 ನಿಮಿಷದ ಲೆಕ್ಕದಲ್ಲಿ ಬರೀ ವೇಗ ನೋಡಬೇಡಿ. ಗೋಲ್ಡ್‌ಬರ್ಗ್‌ನಲ್ಲಿ ಪ್ರತಿಯೊಂದು ವೇರಿಯೇಷನ್‌ಗೂ ಎರಡು ಅರ್ಧ. ಎರಡನ್ನೂ ಇನ್ನೊಮ್ಮೆ ನುಡಿಸಿ ಅಂತ ಬಾಖ್ ಬರೆದಿದ್ದಾನೆ. 1955ರಲ್ಲಿ ಗೂಲ್ಡ್ ಒಂದನ್ನೂ ಪುನರಾವರ್ತಿಸಲಿಲ್ಲ. 1981ರಲ್ಲಿ ಕೆಲವು ಕಡೆ ಮೊದಲ ಅರ್ಧವನ್ನು ಮಾತ್ರ ಎರಡು ಸಲ ನುಡಿಸಿದ. ಎಲ್ಲವನ್ನೂ ಬರೆದ ಹಾಗೆ ನುಡಿಸುವವರಿಗೆ 70 ನಿಮಿಷಕ್ಕಿಂತ ಜಾಸ್ತಿ ಬೇಕು.

ಮತ್ತೆ, 1981ರದ್ದು ಎಲ್ಲ ಕಡೆ ನಿಧಾನ ಅನ್ನುವುದೂ ಸರಿಯಲ್ಲ. 25ನೇ ವೇರಿಯೇಷನ್ ಕೇಳಿ ನೋಡಿ, ದುಃಖದ್ದು. ಅದಕ್ಕೆ 1955ರಲ್ಲೇ ಜಾಸ್ತಿ ಹೊತ್ತು ತೆಗೆದುಕೊಂಡಿದ್ದಾನೆ.

ಬಾಖ್‌ನ ಮಟ್ಟಿಗೆ ನನ್ನ ತಕರಾರು ಕಡಿಮೆ. ಅವನು ಹೆಚ್ಚಿನ ಕಡೆ ವೇಗ ಬರೆದೇ ಇಲ್ಲ. ಗೋಲ್ಡ್‌ಬರ್ಗ್‌ನಲ್ಲಿ ಹಾಗೆ ಸೂಚನೆ ಇರುವುದು ಒಂದೆರಡು ಕಡೆ ಮಾತ್ರ. ಇನ್ನು ಅದನ್ನು ಬರೆದದ್ದು ಪಿಯಾನೋಗೆ ಅಲ್ಲವೇ ಅಲ್ಲ, ಎರಡು ಕೀಬೋರ್ಡ್ ಇರುವ ಹಾರ್ಪ್ಸಿಕಾರ್ಡ್‌ಗೆ, ಅಂದರೆ ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯಕ್ಕೆ. ಪಿಯಾನೋದಲ್ಲಿ ನುಡಿಸುವಾಗ ಕೈ ಮೇಲೆ ಕೈ ಹತ್ತುತ್ತದೆ. ಹಾಗೆ ನೋಡಿದರೆ ಪಿಯಾನೋದಲ್ಲಿ ನುಡಿಸುವ ಪ್ರತಿಯೊಬ್ಬನೂ ಆಗಲೇ ಏನೋ ಬದಲಾಯಿಸಿದ್ದಾನೆ. ನನ್ನ ಜಗಳ ಇರುವುದು ಮೊಜಾರ್ಟ್ ವಿಷಯದಲ್ಲಿ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಪ್ರಾಕ್ಟೀಸಿಗೆ ಹೋಗಬೇಕು.

ಚೆಂಡೆಪೆಟ್ಟು:
ಇದರಲ್ಲಿ ಪ್ರಶ್ನೆ ಎಂತ? ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ನಡೆಯುವುದು ಇದೇ ಅಲ್ವಾ. ಪ್ರಸಂಗ ಅಚ್ಚಾಗಿ ಪುಸ್ತಕದಲ್ಲಿ ಉಂಟು. ತಾಳದ ಹೆಸರೂ ಪದ್ಯದ ಮೇಲೆ ಉಂಟು. ಆದರೆ ಎಷ್ಟು ಏರಿಸಬೇಕು, ಯಾವ ಸಾಲನ್ನು ಎಷ್ಟು ಸಲ ಎತ್ತಬೇಕು ಅಂತ ತೀರ್ಮಾನಿಸುವವರು ಭಾಗವತರು. ವೇಷಧಾರಿಯ ಕಾಲು ನೋಡಿ, ಚೆಂಡೆಯವನ ಮುಖ ನೋಡಿ ತೀರ್ಮಾನಿಸುತ್ತಾರೆ. ಬಲಿಪ ಶೈಲಿ ಒಂದು, ಅಗರಿ ಶೈಲಿ ಇನ್ನೊಂದು. ಪ್ರಸಂಗ ಬರೆದ ಪಾರ್ತಿಸುಬ್ಬನ ಪದ್ಯ ಅದೇ. ಯಾರಾದರೂ ಭಾಗವತರಿಗೆ ಪಾರ್ತಿಸುಬ್ಬ ಹೀಗೆ ಹೇಳಿಲ್ಲ ಅಂತ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ ಹೇಳುತ್ತಾರಾ? ಹೇಳಿ ನೋಡಿ, ಗೊತ್ತಾಗುತ್ತದೆ!

ಗಡಿನಾಡ ಗುಬ್ಬಚ್ಚಿ:
ಹೇಳುತ್ತಾರೆ ಸ್ವಾಮಿ. ಆಟ ಮುಗಿದ ಮೇಲೆ ಚಹಾದಂಗಡಿಯಲ್ಲಿ ನೀವೇ ಹೇಳುವುದನ್ನು ಕೇಳಿದ್ದೇವೆ. "ಇವತ್ತು ಪದ ಎಳೆದು ಎಳೆದು ಆಟ ಹಾಳು ಮಾಡಿದರು" ಅಂತ.

ಚೆಂಡೆಪೆಟ್ಟು:
ಅದು ಬೇರೆ 😄

ನೀರ್ಚಾಲು ಮೇಷ್ಟ್ರು:
ನನಗೆ ಗೂಲ್ಡ್ ಕೇಳುವಾಗ ತಕ್ಷಣ ನೆನಪಾಗುವವರು ಎಂ.ಡಿ. ರಾಮನಾಥನ್. ಪಾಲಕ್ಕಾಡಿನ ಕಡೆಯವರು, ಟೈಗರ್ ವರದಾಚಾರ್ಯರ ಶಿಷ್ಯ. ದಪ್ಪ ಸ್ವರ, ಎಲ್ಲರೂ ಮಧ್ಯಮ ಕಾಲದಲ್ಲಿ ಹಾಡುವ ಕೃತಿಯನ್ನು ಅವರು ಅತಿ ವಿಳಂಬದಲ್ಲಿ ಹಾಡುತ್ತಿದ್ದರು. ಸಾಹಿತ್ಯವನ್ನು ಮಧ್ಯದಲ್ಲಿ ಬಿಡುವುದು, ಒಂದು ಪದ ಹೇಳಿ ಸುಮ್ಮನಾಗುವುದು. ಅವರು ಹಾಡಲು ಶುರು ಮಾಡಿದರೆ ಅರ್ಧ ಸಭೆ ಎದ್ದು ಹೋಗುತ್ತಿತ್ತು ಅಂತ ಹಿರಿಯರು ತಮಾಷೆ ಮಾಡುತ್ತಿದ್ದರು. ಕುಳಿತವರು ಮಾತ್ರ ಜೀವನವಿಡೀ ಅವರ ಭಕ್ತರು. 1984ರಲ್ಲಿ ತೀರಿಕೊಂಡರು. ಈಗ ನೋಡಿ, ಅವರ ಹಳೆಯ ಧ್ವನಿಮುದ್ರಿಕೆಗಾಗಿ ಹುಡುಗರು ಹುಡುಕಾಡುತ್ತಿದ್ದಾರೆ.

ಹಿಂದೂಸ್ತಾನಿಯಲ್ಲಿ ಕುಮಾರ ಗಂಧರ್ವರನ್ನು ತೆಗೆದುಕೊಳ್ಳಿ, ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಕ್ಷಯ ಬಂದು ವರ್ಷಗಟ್ಟಲೆ ಹಾಡುವ ಹಾಗಿರಲಿಲ್ಲ. ಮತ್ತೆ ಹಾಡಿದಾಗ ಘರಾನೆಯ ಚೌಕಟ್ಟು ಬಿಟ್ಟಿದ್ದರು. ಎಷ್ಟು ಜನ ಬೈದರು ಆಗ. ಹಾಗಾಗಿ ಗೂಲ್ಡ್ ಮಾಡಿದ್ದು ನಮಗೆ ಹೊಸದಲ್ಲ.

ಗಡಿನಾಡ ಗುಬ್ಬಚ್ಚಿ:
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಈ ಹೋಲಿಕೆ ಅರ್ಧ ಮಾತ್ರ ಸರಿ. ನಮ್ಮಲ್ಲಿ ಮನೋಧರ್ಮ, ಅಂದರೆ ಆಗಲೇ ಕಲ್ಪಿಸಿಕೊಂಡು ಹಾಡುವುದು, ಅನ್ನುವುದು ಪದ್ಧತಿಯ ಒಳಗೇ ಇದೆ. ರಾಮನಾಥನ್ ಹಾಡಿದ್ದು ಅವರಿಗೆ ಇದ್ದ ಜಾಗದಲ್ಲೇ. ಅಲ್ಲಿ ಹಾಗಲ್ಲ, ಬರೆದವನು ಒಂದೊಂದು ಸ್ವರವನ್ನೂ ಬರೆದಿಟ್ಟಿದ್ದಾನೆ. ನುಡಿಸುವವನ ಕೈಯಲ್ಲಿ ಉಳಿಯುವುದು ವೇಗ, ಒತ್ತು, ಸ್ವರಗಳನ್ನು ಬಿಡಿಸುವುದಾ ಕೂಡಿಸುವುದಾ ಅನ್ನುವುದು, ಅಷ್ಟೇ. ಆ ಸ್ವಲ್ಪ ಜಾಗದಲ್ಲೇ ಗೂಲ್ಡ್ ಇಷ್ಟು ಗಲಾಟೆ ಎಬ್ಬಿಸಿದ. ಅದಕ್ಕೇ ಅದು ಜಾಸ್ತಿ ದೊಡ್ಡ ಧೈರ್ಯ. ಅಥವಾ ಜಾಸ್ತಿ ದೊಡ್ಡ ಅಹಂಕಾರ, ನಿಮಗೆ ಬೇಕಾದ್ದು ತೆಗೆದುಕೊಳ್ಳಿ.

ನನಗಂತೂ ಅವನ ಬಾಖ್ ಪ್ರಾಣ. ಎಡಗೈಯಲ್ಲಿ ಒಂದು ದನಿ, ಬಲಗೈಯಲ್ಲಿ ಎರಡು, ಮೂರೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಬೇರೆಯವರು ನುಡಿಸುವಾಗ ಪೆಡಲ್ ಒತ್ತಿ ಎಲ್ಲವನ್ನೂ ಸೇರಿಸಿಬಿಡುತ್ತಾರೆ.

ತಲಪಾಡಿ ಟೋಲ್:
ಗುನುಗುವುದಕ್ಕೆ ಬೇರೆ ದುಡ್ಡು ತೆಗೆದುಕೊಂಡಿದ್ದಾನಾ?

ಬದಿಯಡ್ಕ ಬೀಟ್:
ನಾನು ರೆಕಾರ್ಡಿಂಗ್ ಕೆಲಸ ಮಾಡುವವನು, ಮದುವೆ ಹಾಡಿನಿಂದ ಹಿಡಿದು ಭಜನೆವರೆಗೆ. ಗುನುಗುವುದರ ವಿಷಯ ನಾನು ಹೇಳುತ್ತೇನೆ. ಎಂಜಿನಿಯರುಗಳು ಅದನ್ನು ಕಡಿಮೆ ಮಾಡಲು ಏನೆಲ್ಲ ಪ್ರಯತ್ನ ಮಾಡಿದರು, ಆಗಲಿಲ್ಲ. ಅದು ಸಾಲದು ಅಂತ ಕುರ್ಚಿ ಬೇರೆ ಕಿರ್ ಕಿರ್. ಆ ಕುರ್ಚಿ ಅವನ ಅಪ್ಪ ಮಾಡಿಕೊಟ್ಟದ್ದು. ಮಡಚುವ ಕುರ್ಚಿಯ ಕಾಲು ಕತ್ತರಿಸಿ, ಕೂರುವ ಜಾಗ ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರ. ಅಡುಗೆಮನೆಯ ಮಣೆಗಿಂತ ಸ್ವಲ್ಪ ಎತ್ತರ ಅಂದುಕೊಳ್ಳಿ. ಮೂಗು ಹೆಚ್ಚುಕಡಿಮೆ ಕೀಗಳ ಮೇಲೆ. ಕುರ್ಚಿಯ ಸೀಟು ಹರಿದು ಹೋಗಿ ಬರೀ ಚೌಕಟ್ಟು ಉಳಿದ ಮೇಲೂ ಅದರಲ್ಲೇ ಕೂತ. ಕಿರ್ ಕಿರ್ ರೆಕಾರ್ಡಿನಲ್ಲಿ ಕೇಳಿಸುತ್ತದೆ. ನನ್ನ ಸ್ಟುಡಿಯೋದಲ್ಲಿ ಯಾರಾದರೂ ಅಂಥ ಕುರ್ಚಿ ತಂದರೆ ಹೊರಗೆ ಇಡಿಸುತ್ತಿದ್ದೆ.

ಆದರೆ ಒಂದು ವಿಷಯಕ್ಕೆ ಅವನಿಗೆ ದೊಡ್ಡ ನಮಸ್ಕಾರ. 1964ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊನೆಯ ಕಛೇರಿ ಕೊಟ್ಟ. ಆಗ ವಯಸ್ಸು 31. ಆಮೇಲೆ ಬರೀ ಸ್ಟುಡಿಯೋ. ಟೇಪ್ ಕತ್ತರಿಸಿ ಅಂಟಿಸುವುದು ಮೋಸ ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಅದೂ ಕಲೆಯೇ ಅಂತ ಬಹಿರಂಗವಾಗಿ ಬರೆದ. ಬಾಖ್‌ನ ವೆಲ್-ಟೆಂಪರ್ಡ್ ಕ್ಲಾವಿಯರ್‌ನ ಮೊದಲ ಪುಸ್ತಕದ ಎ ಮೈನರ್ ಫ್ಯೂಗ್‌ನಲ್ಲಿ (ಒಂದು ದನಿಯನ್ನು ಇನ್ನೊಂದು ಹಿಂಬಾಲಿಸುವ ರಚನೆ) ಎರಡು ಟೇಕ್ ಅವನಿಗೆ ಇಷ್ಟವಾಗಿತ್ತು. ಒಂದು ಗಂಭೀರ, ಒಂದು ಚುರುಕು. ಪೂರ್ತಿ ಕೇಳಿದರೆ ಎರಡೂ ಬೇಜಾರು. ಆಗ ಶುರು ಮತ್ತು ಕೊನೆ ಗಂಭೀರದ್ದು, ನಡುವಿನ ಭಾಗ ಚುರುಕಿನದ್ದು ಹಾಕಿ ಜೋಡಿಸಿದರು. ಜೋಡಣೆ ಎಲ್ಲಿ ಅಂತ ಕಿವಿಗೆ ಗೊತ್ತಾಗುವುದಿಲ್ಲ.

ನೀರ್ಚಾಲು ಮೇಷ್ಟ್ರು:
ಅದು ಮೋಸ ಅಲ್ಲದೆ ಮತ್ತೇನು? ಕಛೇರಿಯಲ್ಲಿ ತಪ್ಪಿದರೆ ತಪ್ಪಿತು. ಅದನ್ನು ಸುಧಾರಿಸಿಕೊಂಡು ಹೋಗುವುದರಲ್ಲೇ ವಿದ್ವಾಂಸನ ಬೆಲೆ.

ಬದಿಯಡ್ಕ ಬೀಟ್:
ಮೇಷ್ಟ್ರೇ, ಸಿನಿಮಾದಲ್ಲಿ ಒಂದೇ ದೃಶ್ಯವನ್ನು ಬೇರೆ ಬೇರೆ ದಿನ ತೆಗೆದು ಜೋಡಿಸಿದರೆ ನೀವು ಮೋಸ ಅನ್ನುವುದಿಲ್ಲ. ಸಂಗೀತಕ್ಕೆ ಮಾತ್ರ ಯಾಕೆ ಈ ಮಡಿ?

ನೀರ್ಚಾಲು ಮೇಷ್ಟ್ರು:
ಸಿನಿಮಾದವರು ಎದುರಿಗೆ ಕೂತು ನಟಿಸುತ್ತೇವೆ ಅಂತ ಹೇಳಿಕೊಳ್ಳುವುದಿಲ್ಲ.

ಗಡಿನಾಡ ಗುಬ್ಬಚ್ಚಿ:
ಗೂಲ್ಡನೂ ಹೇಳಿಕೊಳ್ಳಲಿಲ್ಲವಲ್ಲ. ಕಛೇರಿ ಬಿಟ್ಟೇ ಹೋದ. ಎದುರಿಗೆ ಕೂತು ನುಡಿಸಿ ಹೆಸರು ಮಾಡಿ, ಆಮೇಲೆ ಮನೆಯಲ್ಲಿ ಕೂತು ಅಂಟಿಸಿದವರ ಪೈಕಿ ಅವನೊಬ್ಬನೇ ನಿಜ ಹೇಳಿದವನು.

ಮಂಜೇಶ್ವರ ಮಳೆ:
ಯಾರೂ ಹೇಳದ ಒಂದು ವಿಷಯ. 1977ರಲ್ಲಿ ವೊಯೇಜರ್ ನೌಕೆಗಳ ಜೊತೆ ಒಂದು ಚಿನ್ನದ ಲೇಪದ ತಟ್ಟೆ ಕಳಿಸಿದರಲ್ಲ, ಭೂಮಿಯ ಸದ್ದುಗಳನ್ನು ತುಂಬಿಸಿ. ಅದರಲ್ಲಿ ಗೂಲ್ಡ್ ನುಡಿಸಿದ ಬಾಖ್ ಇದೆ, ಸಿ ಮೇಜರ್‌ನ ಪ್ರೆಲ್ಯೂಡ್ ಮತ್ತು ಫ್ಯೂಗ್. ಅದೇ ತಟ್ಟೆಯಲ್ಲಿ ಗೋವಾದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಇಬ್ಬರೂ ಒಟ್ಟಿಗೆ ಸೌರಮಂಡಲ ದಾಟಿ ಹೋಗುತ್ತಿದ್ದಾರೆ. ನಾವಿಲ್ಲಿ ನಿಧಾನವಾ ಜೋರಾ ಅಂತ ಜಗಳ ಮಾಡುತ್ತಿದ್ದೇವೆ.

ಉಪ್ಪಳ ಎಕ್ಸ್‌ಪ್ರೆಸ್:
ಅನ್ಯಗ್ರಹದವರಿಗೆ ಗುನುಗುವುದೂ ಕೇಳಿಸುತ್ತದೆ ಪಾಪ.

ಕುಂಬಳೆ ಕೇಳುಗ:
ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. 1955ರದ್ದು ಅಂಗಡಿಗೆ ಬಂದದ್ದು 1956ರ ಜನವರಿಯಲ್ಲಿ ಅಂತ ಓದಿದೆ. ನಮ್ಮ ಕಾಸರಗೋಡು ಕೇರಳಕ್ಕೆ ಹೋದ ವರ್ಷ! ಅಜ್ಜ ಆ ವರ್ಷದ ಬಗ್ಗೆ ಮಾತಾಡಿದರೆ ಬರೀ ಮೆರವಣಿಗೆಯ ಕಥೆ.

ತಲಪಾಡಿ ಟೋಲ್:
ಇನ್ನು ಮಹಾಜನ ವರದಿ ತೆಗೆಯಿರಿ, ಒಂದು ಕಡಿಮೆ ಇತ್ತು.

ಚೆಂಡೆಪೆಟ್ಟು:
ತೆಗೆಯುವುದೇ. ಮಹಾಜನ ಆಯೋಗ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಬರೆದದ್ದು 1967ರಲ್ಲಿ. ಇವತ್ತಿನವರೆಗೂ...

ನಿರ್ವಾಹಕ:
ಗಡಿ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಪಿಯಾನೋ.

ಇಗರ್ಜಿ ಆರ್ಗನ್:
ವಾಪಸ್ ಬಂದೆ. ಮೊಜಾರ್ಟ್ ಜಗಳ ಬಾಕಿ ಇತ್ತು.

ಗೂಲ್ಡ್‌ಗೆ ಮೊಜಾರ್ಟ್ ಕಂಡರೆ ಆಗುತ್ತಿರಲಿಲ್ಲ. ಅವನು ಬೇಗ ಸತ್ತದ್ದಲ್ಲ, ತಡವಾಗಿ ಸತ್ತದ್ದು ಅಂತ ಹೇಳಿದ ಮನುಷ್ಯ. ಮೊಜಾರ್ಟ್ ಸತ್ತದ್ದು 35ಕ್ಕೆ! ಇಷ್ಟವಿಲ್ಲದಿದ್ದರೆ ಬಿಡಬೇಕಿತ್ತು ಅಲ್ವಾ. ಬಿಡಲಿಲ್ಲ, ಸೊನಾಟಾಗಳನ್ನೆಲ್ಲ ರೆಕಾರ್ಡ್ ಮಾಡಿದ. ಎ ಮೇಜರ್ ಸೊನಾಟಾ ಕೇಳಿ, ಕೊನೆಯಲ್ಲಿ ಟರ್ಕಿಶ್ ಮಾರ್ಚ್ ಬರುತ್ತದಲ್ಲ, ಅದೇ. ಅದರ ಮೊದಲ ಭಾಗ ಒಂದು ಸರಳ ರಾಗ, ಆಮೇಲೆ ಆರು ವೇರಿಯೇಷನ್. ಗೂಲ್ಡ್ ರಾಗವನ್ನು ಒಂದೊಂದೇ ಸ್ವರ ಹೆಕ್ಕಿ ಹೆಕ್ಕಿ ನುಡಿಸುತ್ತಾನೆ. ಮಗು ಮೊದಲ ಪಾಠ ಒಪ್ಪಿಸುತ್ತಿದೆಯೇನೋ ಅನ್ನಬೇಕು. ಆಮೇಲೆ ಪ್ರತಿ ವೇರಿಯೇಷನ್ ಸ್ವಲ್ಪ ಸ್ವಲ್ಪ ಜೋರಾಗುತ್ತಾ ಹೋಗುತ್ತದೆ. ಐದನೆಯದಕ್ಕೆ ಮೊಜಾರ್ಟ್ ತನ್ನ ಕೈಯಲ್ಲೇ ಅಡಾಜಿಯೋ ಅಂತ ಬರೆದಿದ್ದಾನೆ, ನಿಧಾನ ಅಂತ. ಗೂಲ್ಡ್ ತನ್ನ ಏರಿಕೆಯ ಲೆಕ್ಕಕ್ಕಾಗಿ ಅದನ್ನೂ ಜೋರು ಮಾಡಿದ. ಬಾಖ್ ಬರೆಯಲಿಲ್ಲ, ಹಾಗಾಗಿ ನುಡಿಸುವವನು ತೀರ್ಮಾನಿಸಬಹುದು. ಇಲ್ಲಿ ಬರೆದದ್ದನ್ನೇ ಅಳಿಸಿದ್ದಾನೆ. ಎರಡೂ ಒಂದೇ ಅಲ್ಲ.

ಚೆಂಡೆಪೆಟ್ಟು:
ಒಂದು ಏರು ಕ್ರಮ ಇಟ್ಟುಕೊಂಡು ನುಡಿಸಿದ್ದಾನೆ ಅಂದ ಮೇಲೆ ಅದು ತಲೆಹರಟೆ ಅಲ್ಲ. ಯೋಚನೆ ಉಂಟು. ಯುದ್ಧದ ಸನ್ನಿವೇಶದಲ್ಲಿ ಭಾಗವತರು ನಿಧಾನಕ್ಕೆ ಎತ್ತಿ ಎತ್ತಿ ಕೊನೆಗೆ ಚೆಂಡೆಯನ್ನು ಬಿಟ್ಟುಬಿಡುತ್ತಾರಲ್ಲ, ನಡುವೆ ಇಳಿಸಿದರೆ ರಂಗ ಬಿದ್ದೇ ಹೋಗುತ್ತದೆ.

ಇಗರ್ಜಿ ಆರ್ಗನ್:
ಅಲ್ಲಿ ಇಳಿಸಬೇಕು ಅಂತಲೇ ಮೊಜಾರ್ಟ್ ಬರೆದದ್ದು. ಐದನೆಯದು ನಿಧಾನವಾದರೆ ಆರನೆಯದರ ಓಟಕ್ಕೆ ಒಂದು ಅರ್ಥ ಬರುತ್ತದೆ. ಉಸಿರು ಬಿಡಲು ಜಾಗ ಕೊಟ್ಟಿದ್ದ, ಇವನು ಅದನ್ನು ತುಂಬಿಸಿದ.

ನೀರ್ಚಾಲು ಮೇಷ್ಟ್ರು:
ಈ ಮಾತನ್ನು ಒಪ್ಪುತ್ತೇನೆ.

ಗಡಿನಾಡ ಗುಬ್ಬಚ್ಚಿ:
ಒಪ್ಪಿದರೂ ಒಂದು ಸಲ ಕೇಳಿ. ನಮಗೆಲ್ಲ ಆ ರಾಗ ಎಷ್ಟು ರೂಢಿಯಾಗಿದೆ ಅಂದರೆ ಮೊಬೈಲ್ ರಿಂಗ್‌ಟೋನ್, ಆಟಿಕೆ, ಎಲ್ಲ ಕಡೆ ಕೇಳಿ ಕಿವಿ ಮುಚ್ಚಿಹೋಗಿದೆ. ಟರ್ಕಿಶ್ ಮಾರ್ಚನ್ನೇ ಅವನು ನಿಧಾನ ಮಾಡಿದಾಗ ಎಡಗೈ ಏನು ಮಾಡುತ್ತಿದೆ ಅಂತ ನಾನು ಮೊದಲ ಸಲ ಗಮನಿಸಿದೆ. ಇಷ್ಟವಾಯಿತು ಅಂತಲ್ಲ. ಗಮನಿಸಿದೆ. ಅವನು ಹೇಳಿದ್ದೂ ಅದೇ ತಾನೇ, ನೂರು ಜನ ಒಂದೇ ರೀತಿ ರೆಕಾರ್ಡ್ ಮಾಡಿದ್ದನ್ನು ನೂರಾ ಒಂದನೆಯ ಸಲ ಹಾಗೇ ಮಾಡುವುದು ಯಾಕೆ ಅನ್ನುವ ವಾದ.

ಮಂಜೇಶ್ವರ ಮಳೆ:
ಬ್ರಾಮ್ಸ್ ಕಥೆ ಗೊತ್ತಾ ಇಲ್ಲಿ ಯಾರಿಗಾದರೂ? 1962ರ ಏಪ್ರಿಲ್ 6, ನ್ಯೂಯಾರ್ಕ್. ಬ್ರಾಮ್ಸ್‌ನ ಮೊದಲ ಪಿಯಾನೋ ಕಾನ್ಸರ್ಟೋ, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ. ಲಿಯೊನಾರ್ಡ್ ಬರ್ನ್‌ಸ್ಟೈನ್ ವಾದ್ಯವೃಂದದ ಎದುರು ನಿಂತು ಮೊದಲು ಸಭೆಗೆ ಒಂದು ಭಾಷಣ ಮಾಡಿದರು. ಗೂಲ್ಡ್‌ನ ವೇಗವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೂ ಅವನು ಯೋಚಿಸುವ ಕಲಾವಿದ, ಹಾಗಾಗಿ ಜೊತೆಗೆ ನಿಂತಿದ್ದೇನೆ ಅನ್ನುವ ಅರ್ಥದಲ್ಲಿ. ಕಾನ್ಸರ್ಟೋದಲ್ಲಿ ಯಜಮಾನ ಯಾರು, ನುಡಿಸುವವನಾ ನಿರ್ದೇಶಕನಾ ಅಂತ ತಮಾಷೆಯಾಗಿ ಕೇಳಿ ಜನರನ್ನು ನಗಿಸಿದರು. ಮರುದಿನ ಪತ್ರಿಕೆಯ ವಿಮರ್ಶಕ ಚೆನ್ನಾಗಿ ಝಾಡಿಸಿದ. ಆ ಸಂಜೆಯ ರೆಕಾರ್ಡಿಂಗ್ ಭಾಷಣ ಸಮೇತ ಸಿಗುತ್ತದೆ. ಕೇಳಿ, ಇವತ್ತಿನ ಕಿವಿಗೆ ಅಂಥ ವಿಪರೀತ ನಿಧಾನ ಅಂತ ನನಗೆ ಅನ್ನಿಸಲಿಲ್ಲ.

ಚೆಂಡೆಪೆಟ್ಟು:
ಅಂದರೆ ಮದ್ದಳೆಗಾರರು ಎದ್ದು ನಿಂತು "ಭಾಗವತರ ತಾಳ ನನಗೆ ಒಪ್ಪಿಗೆ ಇಲ್ಲ, ಆದರೂ ನುಡಿಸುತ್ತೇನೆ" ಅಂದ ಹಾಗೆ. ಮೇಳ ಅಲ್ಲೇ ಮುಗಿಯುತ್ತಿತ್ತು.

ನೀರ್ಚಾಲು ಮೇಷ್ಟ್ರು:
ಭಾಗವತಿಕೆ ಅಂದಾಗ ನೆನಪಾಯಿತು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಹೊರಗಿನವರಿಗೆ ಅವರು 1973ರ ಸುಪ್ರೀಂ ಕೋರ್ಟ್ ತೀರ್ಪಿನ ಹೆಸರು ಅಷ್ಟೇ. ನಮಗೆ ಅವರು ಹಾಡುಗಾರರೂ ಹೌದು. ಶಾಸ್ತ್ರೀಯವೂ ಹಾಡುತ್ತಿದ್ದರು, ಭಾಗವತಿಕೆಯನ್ನೂ ಮಾಡುತ್ತಿದ್ದರು. ಪೀಠದಲ್ಲಿ ಕೂತವರು ಆಟದ ಪದ ಹೇಳುವುದಾ ಅಂತ ಮೂಗು ಮುರಿದವರೂ ಇದ್ದರು. ಯಾರು ಏನು ನುಡಿಸಬಹುದು, ಹಾಡಬಹುದು ಅನ್ನುವ ತಕರಾರು ಎಲ್ಲ ಕಡೆ ಇದ್ದದ್ದೇ.

ತಲಪಾಡಿ ಟೋಲ್:
ವೈಶಾಖ ಮಾಸದಲ್ಲೂ ಕೋಟು ಹಾಕಿಕೊಂಡು ತಿರುಗುವ ಒಬ್ಬರು ನಮ್ಮ ಊರಿನಲ್ಲೂ ಇದ್ದಾರೆ. ಗೂಲ್ಡ್ ಬೇಸಿಗೆಯಲ್ಲಿ ಮಫ್ಲರ್, ಗ್ಲೌಸ್ ಹಾಕಿಕೊಂಡು ಸ್ಟುಡಿಯೋಗೆ ಬಂದದ್ದು ನಿಜವಾ? ನಾಟಕ ಅನಿಸುತ್ತದೆ.

ಬದಿಯಡ್ಕ ಬೀಟ್:
ನಿಜ. 1955ರ ಜೂನ್, ನ್ಯೂಯಾರ್ಕಿನ ಸೆಕೆ. ಕೋಟು, ಮಫ್ಲರ್, ಗ್ಲೌಸ್, ಮಾತ್ರೆ ಬಾಟಲಿಗಳು, ನೀರಿನ ಬಾಟಲಿ, ಟವೆಲ್ಲುಗಳ ರಾಶಿ. ನುಡಿಸುವ ಮೊದಲು ಕೈಯನ್ನು ಮೊಣಕೈವರೆಗೆ ಬಿಸಿನೀರಿನಲ್ಲಿ ಅದ್ದಿ ಕೂರುತ್ತಿದ್ದ. ಕಂಪನಿಯವರೇ ಅದನ್ನು ಪತ್ರಿಕೆಗಳಿಗೆ ಕಳಿಸಿ ಚೆನ್ನಾಗಿ ಪ್ರಚಾರ ಮಾಡಿದರು ಬಿಡಿ. ಆದರೆ ಬರೀ ನಾಟಕ ಆಗಿದ್ದರೆ 1982ರವರೆಗೆ ಎಳೆದುಕೊಂಡು ಹೋಗಲು ಆಗುತ್ತಿರಲಿಲ್ಲ. 50 ತುಂಬಿದ ಕೆಲವೇ ದಿನಕ್ಕೆ ಪಾರ್ಶ್ವವಾಯು ಹೊಡೆದು ತೀರಿಕೊಂಡ.

ಕುಂಬಳೆ ಕೇಳುಗ:
ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಅವಳಿಗೆ ಗೂಲ್ಡ್ ಕೇಳಿಸಬಹುದಾ? ಟೀಚರ್ ಬೇಡ ಅನ್ನುತ್ತಾರೆ.

ಇಗರ್ಜಿ ಆರ್ಗನ್:
ಟೀಚರ್ ಹೇಳಿದ್ದು ಸರಿ. ಮೊದಲು ಆಂಡ್ರಾಸ್ ಶಿಫ್ ಅಥವಾ ಏಂಜೆಲಾ ಹ್ಯೂಯಿಟ್ ಪಿಯಾನೋದಲ್ಲಿ ನುಡಿಸಿದ್ದು ಕೇಳಿಸಿ. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಕೂತು ಗುನುಗುತ್ತಾಳೆ, ಮಾರ್ಕು ಹೋಗುತ್ತದೆ.

ಗಡಿನಾಡ ಗುಬ್ಬಚ್ಚಿ:
ನಾನಾದರೆ ಎರಡನ್ನೂ ಒಟ್ಟಿಗೆ ಕೇಳಿಸುತ್ತೇನೆ. ಶಿಫ್‌ನ ಆರಿಯಾ, ತಕ್ಷಣ ಗೂಲ್ಡ್‌ನ 1955ರ ಆರಿಯಾ, ಆಮೇಲೆ 1981ರದ್ದು. ಮೂರಕ್ಕೂ ಸ್ವರ ಅವೇ. ಮಗು ತಾನೇ ಹೇಳಲಿ. ಮಕ್ಕಳ ಕಿವಿ ನಮ್ಮ ಹಾಗೆ ಅಲ್ಲ, ಅವಕ್ಕೆ ಯಾರು ದೊಡ್ಡವರು ಅಂತ ಗೊತ್ತಿರುವುದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ, ಸೊಳ್ಳೆ ಬೇರೆ. 1981ರದ್ದು ಹಾಕಿದೆ. ನಿದ್ದೆ ಬಾರದ ಯಾವನೋ ಸಾಹುಕಾರನಿಗಾಗಿ ಬಾಖ್ ಇದನ್ನು ಬರೆದ ಅಂತ ಎಲ್ಲೋ ಓದಿದ್ದೆ. ನನಗೆ ಮೂರನೆಯದಕ್ಕೇ ನಿದ್ದೆ ಬಂತು, ಕೆಲಸ ಮಾಡುತ್ತದೆ.

ಇಗರ್ಜಿ ಆರ್ಗನ್:
ಆ ಕಥೆ ಬಂದದ್ದು 1802ರ ಒಂದು ಜೀವನಚರಿತ್ರೆಯಿಂದ. ಕೃತಿ ಅಚ್ಚಾದದ್ದು 1741ರಲ್ಲಿ. ಕಥೆಯಲ್ಲಿ ಆ ಸಾಹುಕಾರನಿಗೆ ಇದನ್ನು ನುಡಿಸುವ ಗೋಲ್ಡ್‌ಬರ್ಗ್ ಅನ್ನುವ ಹುಡುಗನಿಗೆ ಆಗ 14 ವರ್ಷ. ಕಥೆಯನ್ನು ತುಂಬಾ ಜನ ನಂಬುವುದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ನನ್ನ ನಿದ್ದೆಯನ್ನಾದರೂ ನಂಬಿ.

ಚೆಂಡೆಪೆಟ್ಟು:
ಆರ್ಗನ್‌ನವರೇ, ಮೊಜಾರ್ಟ್ ಬಿಡಿ. ಬೀಥೋವನ್‌ನ ಅಪ್ಪಾಷಿಯೊನಾಟಾ ಗೂಲ್ಡ್ ನುಡಿಸಿದ್ದು ಹೇಗಿದೆ? ಕೇಳಬೇಕು ಅಂತ ಇದ್ದೇನೆ.

ಇಗರ್ಜಿ ಆರ್ಗನ್:
ಕೇಳಬೇಡಿ. ಮೊದಲ ಭಾಗ ಬೇಗ ಅಂತ ಬರೆದದ್ದು, ಅವನು ತೆವಳಿಸುತ್ತಾನೆ. ಆ ಕೃತಿಯೂ ಅವನಿಗೆ ಇಷ್ಟ ಇರಲಿಲ್ಲ. ಸೇಡು ತೀರಿಸಿಕೊಂಡಿದ್ದಾನೆ.

ಗಡಿನಾಡ ಗುಬ್ಬಚ್ಚಿ:
ನೀವು ಪೂರ್ತಿ ಕೇಳಿದ್ದೀರಾ?

ಇಗರ್ಜಿ ಆರ್ಗನ್:
ಅರ್ಧ.

ಚೆಂಡೆಪೆಟ್ಟು:
ಹಾಗಾದರೆ ಇವತ್ತು ರಾತ್ರಿಯೇ ಕೇಳುತ್ತೇನೆ, ನಾಳೆ ಬಂದು ನಿಮ್ಮ ಹತ್ತಿರ ಜಗಳ ಮಾಡುತ್ತೇನೆ.